ಶನಿವಾರ ಹಿಂದಿಯಲ್ಲಿ, ಆದಿತ್ಯವಾರ ಜಪಾನಿಯಲ್ಲಿ

ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ಒಂದು ಕ್ಲಿನಿಕ್ಕಿನಲ್ಲಿ ಜಾನಿಸ್ ಮಾಡುವ ಕೆಲಸವೇ ಸಂಶಯಪಡುವುದು. ಡಾಕ್ಟರು ಬರೆದುಕೊಟ್ಟ ಪರೀಕ್ಷೆಗಳು, ಔಷಧಿಗಳು ಇನ್ಶೂರೆನ್ಸ್ ಕಂಪೆನಿಗೆ ಹೋಗುವ ಮೊದಲು ಅವಳ ಮೇಜನ್ನು ದಾಟಬೇಕು. ಬೆನ್ನುನೋವೆಂದು ಬಂದವನಿಗೆ ಹಲ್ಲಿನ ಎಕ್ಸ್‌ರೇ ಯಾಕೆ, ಮೊನ್ನೆ ತಾನೇ ಕನ್ನಡಕ ಮಾಡಿಸಿದವಳಿಗೆ ಇವತ್ತು ಇನ್ನೊಂದು ಯಾಕೆ ಎಂದು ಕೇಳುವುದಕ್ಕೇ ಅವಳಿಗೆ ಸಂಬಳ. ಸಂಬಳ ಕೊಡದಿದ್ದರೂ ಅವಳು ಕೇಳುವವಳೇ, ಆ ಮಾತು ಬೇರೆ. ಆಫೀಸಿನಲ್ಲಿ ಯಾರಾದರೂ ಸುಮ್ಮನೆ ಒಂದು ಡಬ್ಬಿ ಖರ್ಜೂರ ತಂದಿಟ್ಟರೆ ಇವನಿಗೆ ನನ್ನಿಂದ ಏನಾಗಬೇಕಿದೆ ಎಂದು ಮೊದಲು ಯೋಚಿಸಿ, ಆಮೇಲೆ ಕೈ ಹಾಕುವ ಜಾತಿ ಅವಳದು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಶಿರ್ವದಲ್ಲಿರುವ ಅವಳ ತಾಯಿ ಡೆಲ್ಫಿನ್ ಬಾಯಿ ಇಗರ್ಜಿಯಲ್ಲಿ ಪ್ರಸಂಗ ಕೇಳುವಾಗ ಪಾದ್ರಿಗಳು ಇದನ್ನು ಯಾರನ್ನು ಕುರಿತು ಹೇಳುತ್ತಿದ್ದಾರೆ ಎಂದು ಸುತ್ತ ಮುಖ ನೋಡುವವರು. ಗಂಡ ಜುವಾಕಿಂ ಮೂವತ್ತು ವರ್ಷ ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಡೆಂಟರ್ ಆಗಿದ್ದರು. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು ಸರಿಮಾಡುವುದು ಅವರ ಉದ್ಯೋಗ. ಗಂಡ ಅಷ್ಟು ದೂರದಲ್ಲಿ, ಹೆಂಡತಿ ಇಷ್ಟು ದೂರದಲ್ಲಿ ಇದ್ದಾಗ ಹೆಂಡತಿಯಾದವಳಿಗೆ ಸಂಶಯವೂ ಒಂದು ಸಂಸಾರವೇ ಆಗಿಬಿಡುತ್ತದೆ. ಪಾಪ, ಅವರನ್ನು ದೂರಿ ಪ್ರಯೋಜನವಿಲ್ಲ.

ಜುವಾಕಿಂ ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಗ್ಯಾರೇಜಿನ ನೆರಳಿನಲ್ಲಿ ಒರಗಿದವರು ಮತ್ತೆ ಏಳಲಿಲ್ಲ. ಜಾನಿಸ್ ಪೆಟ್ಟಿಗೆಯ ಜೊತೆ ಊರಿಗೆ ಹೋದಳು, ಮಣ್ಣು ಹಾಕಿದಳು, ತಿರುಗಿ ಬಂದು ಕೆಲಸಕ್ಕೆ ಹಾಜರಾದಳು. ಅಳು ಬಂದಾಗಲೆಲ್ಲ ಕ್ಲಿನಿಕ್ಕಿನ ಔಷಧಿ ಕೋಣೆಗೆ ಹೋಗಿ ಅತ್ತು ಬರುತ್ತಿದ್ದಳು. ತಂದೆಯಿಂದ ಅವಳಿಗೆ ಸಿಕ್ಕಿದ ಆಸ್ತಿ ಎಂದರೆ ಏಳು ವರ್ಷದ ವಾರದ ರಜೆಗಳು. ಆ ದಿನಗಳಲ್ಲಿ ಅಪ್ಪ ಮಗಳು ಅಕ್ಕಪಕ್ಕ ಕುಳಿತು ಅನಿಮೆ ನೋಡುತ್ತಿದ್ದರು. ಅನಿಮೆ ಎಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ. ಆದರೆ ಅದರ ಅಭಿಮಾನಿಗಳ ಎದುರು ಕಾರ್ಟೂನ್ ಎನ್ನಬಾರದು, ಕೋಪ ಬರುತ್ತದೆ.

ಈ ಅಭ್ಯಾಸ ಶುರುವಾದದ್ದು ಹೇಗೆಂದರೆ, ಜಾನಿಸ್ ಚಿಕ್ಕವಳಿದ್ದಾಗ ಒಮ್ಮೆ ಜುವಾಕಿಂ ರಜೆಯಲ್ಲಿ ಊರಿಗೆ ಬಂದಿದ್ದರು. ವರ್ಷಕ್ಕೊಮ್ಮೆ ಕಾಣುವ ಮಗಳೊಡನೆ ಏನು ಮಾತಾಡುವುದೆಂದು ತಿಳಿಯದೆ, ಅವಳು ಟೀವಿಯಲ್ಲಿ ನೋಡುತ್ತಿದ್ದ ಜಪಾನಿ ಕಾರ್ಟೂನಿನ ಮುಂದೆ ತಾವೂ ಕುಳಿತರು. ಮಗಳಿಗೆ ಖುಷಿಯಾಯಿತು. ಗಲ್ಫಿನ ಅಪ್ಪಂದಿರನ್ನು ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮಗು ಒಮ್ಮೆ ಕಿತ್ತಳೆ ಶರಬತ್ತಿನ ಪುಡಿ ಚೆನ್ನಾಗಿದೆ ಎಂದರೆ ಸಾಕು, ಆ ಮಗು ಕಾಲೇಜಿಗೆ ಹೋಗಿ ಶರಬತ್ತು ಬಿಟ್ಟು ಚಹಾ ಕುಡಿಯುವಂತಾದರೂ ವರ್ಷ ವರ್ಷವೂ ಅದೇ ಡಬ್ಬ ಬರುತ್ತಿರುತ್ತದೆ. ಬೇಡ ಎನ್ನಲು ಮಕ್ಕಳಿಗೆ ಬಾಯಿ ಬರುವುದಿಲ್ಲ. ಅಷ್ಟು ದೂರದಿಂದ ಹೊತ್ತು ತಂದವರಿಗೆ ಹೇಗೆ ಹೇಳುವುದು?

ಜಾನಿಸ್ ಅಬುಧಾಬಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ತಂದೆ ದುಬೈಯಿಂದ ಬಸ್ಸಿನಲ್ಲಿ ನೋಡಲು ಬಂದರು. ಇಬ್ಬರೂ ಎದುರುಬದುರು ಕುಳಿತು, ಊಟ ಆಯಿತಾ, ಬಿಸಿಲು ಜೋರುಂಟು ಎಂದಾದ ಮೇಲೆ ಮಾತು ಮುಗಿಯಿತು. ಅವರ ಮನೆಯಲ್ಲಿ ಎದುರುಬದುರು ಕೂರುವುದು ಜಗಳಕ್ಕೆ ಮಾತ್ರ. ಪಪ್ಪನಿಗೆ ಇಷ್ಟವಿತ್ತಲ್ಲ ಎಂದು ಜಾನಿಸ್ ಟೀವಿಯಲ್ಲಿ ಒಂದು ಅನಿಮೆ ಹಾಕಿದಳು. ಕದ್ದುಹೋದ ಗುಡಿಯ ಗಂಟೆಯನ್ನು ಹುಡುಕುತ್ತ ದ್ವೀಪದಿಂದ ದ್ವೀಪಕ್ಕೆ ಹೋಗುವ ಹುಡುಗನ ಕತೆ. ಜುವಾಕಿಂ ಅವನಿಗೆ 'ಗಂಟೆ ಹುಡುಗ' ಎಂದು ಹೆಸರಿಟ್ಟರು; ಅವನ ಬೆನ್ನುಹತ್ತಿದ ದುಷ್ಟನಿಗೆ 'ಫೋರ್‌ಮನ್' ಎಂದರು. ಮುಂದಿನ ರಜೆಗೂ ಬಂದರು. ಹಾಗೆಯೇ ಏಳು ವರ್ಷ. ಮೊದಲು ರಜೆ ಶುಕ್ರವಾರವಿತ್ತು, ಆಮೇಲೆ ಆದಿತ್ಯವಾರವಾಯಿತು, ಗಂಟೆ ಮಾತ್ರ ಸಿಗಲಿಲ್ಲ.

ಈಗ ಒಂದು ಗುಟ್ಟು ಹೇಳಿಬಿಡಬೇಕು. ಜಾನಿಸ್‌ಗೆ ಆ ಕತೆ ಸಾಕಾಗಿ ಎಷ್ಟೋ ಕಾಲವಾಗಿತ್ತು. ಹುಡುಗ ಹೊಡೆಸಿಕೊಂಡು ಸಾಯುವ ಸ್ಥಿತಿಗೆ ಬರುತ್ತಾನೆ, ಕಿರುಚುತ್ತಾನೆ, ಏಳುತ್ತಾನೆ. ಎಷ್ಟು ವರ್ಷ ಅದನ್ನೇ ನೋಡುವುದು? ಆದರೆ ಪಪ್ಪ ಅದಕ್ಕಾಗಿ ದುಬೈಯಿಂದ ಬರುತ್ತಾರೆ, ವಯಸ್ಸಾದವರಿಗೆ ಇರುವ ಒಂದೇ ಖುಷಿ ಎಂದು ಅವಳು ತುಟಿಪಿಟಕ್ಕೆನ್ನದೆ ಕೂರುತ್ತಿದ್ದಳು. ಅನಿಮೆಯನ್ನು ಮೂಲ ಜಪಾನಿ ದನಿಯಲ್ಲೇ ಕೇಳಬೇಕು, ಡಬ್ಬಿಂಗ್ ನೋಡುವವರು ನೋಡುಗರೇ ಅಲ್ಲ ಎಂದು ಅವಳ ಜೊತೆ ಕೆಲಸ ಮಾಡುವ ಮೈಸೂರಿನ ನಿಸರ್ಗ ಹೇಳಿದ್ದಳು. ಪಪ್ಪನಿಗೆ ಒಳ್ಳೆಯದೇ ಸಿಗಲಿ ಎಂದು ಜಾನಿಸ್ ಜಪಾನಿಯಲ್ಲಿ ಹಾಕಿ, ಕೆಳಗೆ ಇಂಗ್ಲಿಷ್ ಸಾಲು ಬರುವ ಹಾಗೆ ಇಟ್ಟಿದ್ದಳು. "ಹೀಗೇ ಇರ್ಲಿ, ಚಂದ ಉಂಟು" ಎಂದಿದ್ದರು ಜುವಾಕಿಂ.

ಆಗಸ್ಟಿನ ಒಂದು ಆದಿತ್ಯವಾರ ಮಧ್ಯಾಹ್ನ ಅವಳು ಮನಸ್ಸು ಗಟ್ಟಿಮಾಡಿ ಟೀವಿ ಹಚ್ಚಿದಳು. ಅನಿಮೆ ಬರುವ ಆ್ಯಪಿನ ತನ್ನ ಖಾತೆಯಲ್ಲಿ ತಂದೆಗೆಂದು 'ಪಪ್ಪ' ಎಂಬ ಹೆಸರಿನಲ್ಲಿ ಬೇರೆ ಮನೆ ಮಾಡಿ, ಮೊಬೈಲಿನಲ್ಲಿ ನೋಡಲೆಂದು ಪಾಸ್‌ವರ್ಡನ್ನೂ ಕೊಟ್ಟಿದ್ದಳು. ಕನ್ನಡಕ ಹಾಕಿದ ಕರಡಿಯ ಚಿತ್ರ ಇಟ್ಟದ್ದೂ ಅವಳೇ. ಆದಿತ್ಯವಾರ ಇಬ್ಬರೂ ನೋಡುತ್ತಿದ್ದದ್ದು ಅವಳ ಹೆಸರಿನಲ್ಲಾದ್ದರಿಂದ ಅದನ್ನು ಅವಳು ತೆರೆದದ್ದೇ ಇಲ್ಲ. ಪಪ್ಪ ಕೊನೆಯದಾಗಿ ನೋಡಿದ್ದ ಕಂತನ್ನು ಒಮ್ಮೆ ನೋಡಿ, ಆ ಹೆಸರನ್ನು ಅಳಿಸಿಬಿಡೋಣ ಎಂದುಕೊಂಡಿದ್ದಳು. ಕರಡಿಯನ್ನು ಒತ್ತಿದಳು. ಒತ್ತಿದವಳು ಸೋಫಾದಿಂದ ಎದ್ದು ನಿಂತಳು.

ಕತೆ ಮುಂದೆ ಹೋಗಿತ್ತು. ಅವರಿಬ್ಬರು ನಿಲ್ಲಿಸಿದ್ದ ಜಾಗದಿಂದ ಎಷ್ಟೋ ಮುಂದೆ, ಹೊಸ ದ್ವೀಪದಲ್ಲಿ, ಗಂಟೆ ಹುಡುಗ ಯಾರದೋ ಮದುವೆಯಲ್ಲಿ ಊಟ ಮಾಡುತ್ತಿದ್ದ. ಅದೂ ಹಿಂದಿಯಲ್ಲಿ.

ದೆವ್ವಭೂತ ಎಂದು ಹೆದರುವವಳಲ್ಲ ಅವಳು. ಕಳ್ಳರು ಎಂದು ಹೆದರುವವಳು. ತಂದೆಯ ಮೊಬೈಲು ಅವಳ ಕಪಾಟಿನಲ್ಲೇ ಇತ್ತು. ಹಾಗಾದರೆ ಯಾರು? ಖಾತೆಯ ಒಳಹೊಕ್ಕು, ಯಾವಾಗ, ಎಲ್ಲಿಂದ ನೋಡಿದ್ದಾರೆಂದು ಕ್ಲೇಮು ತಪಾಸಣೆ ಮಾಡುವ ಹಾಗೆಯೇ ಹುಡುಕಿದಳು. ಪ್ರತಿ ಶನಿವಾರ ಸಂಜೆ. ನೋಡಿದ ಯಂತ್ರದ ಹೆಸರು: 'ಲಿವಿಂಗ್ ರೂಮ್ ಟೀವಿ'. ಇದು ತಂದೆ ಸತ್ತ ಮೇಲೆ ಶುರುವಾದದ್ದಲ್ಲ. ಅವರು ಬದುಕಿದ್ದಾಗಲೂ ಹೀಗೆಯೇ, ವರ್ಷಗಟ್ಟಲೆ. ಅಂದರೆ ಶನಿವಾರ ಅಲ್ಲೆಲ್ಲೋ ನೋಡಿಬಿಟ್ಟು, ಆದಿತ್ಯವಾರ ಮಗಳ ಪಕ್ಕದಲ್ಲಿ ಏನೂ ಗೊತ್ತಿಲ್ಲದವರಂತೆ ಕುಳಿತಿದ್ದರು!

ತಲೆಗೆ ಹುಳ ಬಿಟ್ಟ ಹಾಗಾಯಿತು. ಜುವಾಕಿಂ ಇದ್ದದ್ದು ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾದ ಹಿಂಬದಿಯಲ್ಲಿ, ಪ್ಲೈವುಡ್ ಹೊಡೆದು ಮಾಡಿದ ಗೂಡಿನಂಥ ಕೋಣೆಯಲ್ಲಿ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಅಲ್ಲಿ ಎಲ್ಲಿಯ ಲಿವಿಂಗ್ ರೂಮು? ಲಿವಿಂಗ್ ರೂಮು ಇರುವುದು ಸಂಸಾರಸ್ಥರ ಮನೆಯಲ್ಲಿ. ಸೋಫಾ, ಪರದೆ, ಪರದೆ ತೊಳೆಯುವ ಒಬ್ಬಳು ಹೆಂಗಸು.

ಒಮ್ಮೆ ಸಂಶಯ ಬಂದರೆ ಹಿಂದಿನದೆಲ್ಲ ಸಾಕ್ಷಿ ಹೇಳಲು ಸಾಲುಗಟ್ಟಿ ನಿಲ್ಲುತ್ತದೆ. ಅಪ್ಪ ಯಾವಾಗಲೂ ಅವಳು ನಕ್ಕ ಮೇಲೆ ನಗುತ್ತಿದ್ದರು. ಒಮ್ಮೆ, "ಈಗ ನೋಡು, ಇವನ ಅಣ್ಣ ಬರ್ತಾನೆ" ಎಂದಿದ್ದರು, ಅಣ್ಣ ಬಂದೇಬಿಟ್ಟ. ಪಪ್ಪ ಎಷ್ಟು ಹುಷಾರು ಎಂದು ಅವಳು ಆಗ ಹಿಗ್ಗಿದ್ದಳು. ಶನಿವಾರ ಸಂಜೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ದಿನವಿಡೀ ತಗಡು ಬಡಿದು ದಣಿದಿರುತ್ತಾರೆ ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು. ಎಂಥ ಪೆದ್ದಿ ನಾನು, ಊರವರ ಕ್ಲೇಮೆಲ್ಲ ಹಿಡಿಯುವವಳಿಗೆ ಮನೆಯದು ಕಾಣಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ತಡೆಯಲಾಗದೆ ತಾಯಿಗೆ ಫೋನ್ ಮಾಡಿದಳು. ಮಾಡಬಾರದಿತ್ತು.

"ನಾನು ಅವತ್ತೇ ಕೇಳ್ಲಿಲ್ವಾ?" ಎಂದರು ಡೆಲ್ಫಿನ್ ಬಾಯಿ. "ಅರವತ್ತು ಹತ್ತಿರ ಬಂದ ಗಂಡಸಿಗೆ ಕಾರ್ಟೂನ್ ಎಂಥದ್ದು? ನೀನು, ಪಪ್ಪ ಹಾಗಲ್ಲ, ಪಪ್ಪನಿಗೆ ಅದು ಇಷ್ಟ ಅಂತ ನನ್ನ ಬಾಯಿ ಮುಚ್ಚಿಸಿದಿ."

"ಮಮ್ಮಿ, ಇನ್ನೂ ಏನೂ ಗೊತ್ತಾಗ್ಲಿಲ್ಲ."

"ಗೊತ್ತು ಮಾಡ್ಕೊಂಡು ಹೇಳು. ನನಗೆ ಸಿಟ್ಟಿಲ್ಲ ಬಾಯೆ. ಮಣ್ಣಾದವರ ಮೇಲೆ ಎಂಥ ಸಿಟ್ಟು? ಆದ್ರೆ ಗೊತ್ತಾಗ್ಬೇಕು."

ಜಾನಿಸ್‌ಗೂ ಗೊತ್ತಾಗಬೇಕಿತ್ತು. ಬೇರೆ ಹೆಂಗಸಿದ್ದಳೇ ಎನ್ನುವುದಕ್ಕಿಂತ, ಆ ಆದಿತ್ಯವಾರಗಳು ನಿಜವೋ ಸುಳ್ಳೋ ಎನ್ನುವುದು ಅವಳನ್ನು ಹಿಂಡುತ್ತಿತ್ತು. ವರ್ಷಕ್ಕೊಂದು ತಿಂಗಳು ಸಿಗುತ್ತಿದ್ದ ಅಪ್ಪ, ಕೊನೆಗಾಲಕ್ಕೆ ವಾರಕ್ಕೊಮ್ಮೆ ಸಿಕ್ಕಿದ್ದರು. ಅದೂ ಬೇರೆಲ್ಲೋ ಉಂಡು ಉಳಿದದ್ದಾದರೆ ಅವಳಿಗೆ ಸಿಕ್ಕಿದ್ದೇನು?

ಮುಂದಿನ ಶನಿವಾರ ಸಂಜೆ ಅವಳು ಸತ್ವಾಕ್ಕೆ ಹೋದಳು. ಹೇಳದೆ ಹೋದಳು, ಹೇಳಿ ಹೋದರೆ ತಪಾಸಣೆ ಹೇಗಾಗುತ್ತದೆ? ದರ್ಜಿ ಅಂಗಡಿಗಳ ಸಾಲು ದಾಟಿ, ಕಾರು ತೊಳೆದ ನೀರು ಹರಿಯುತ್ತಿದ್ದ ಓಣಿಯೊಳಗೆ ವಿಲ್ಲಾ. ತಂದೆಯ ಬಟ್ಟೆಬರೆ ಒಯ್ಯಲು ಒಮ್ಮೆ ಬಂದಿದ್ದಳು. ಆಗ ಎಲ್ಲವನ್ನೂ ಗೇಟಿನ ಬಳಿಗೇ ತಂದುಕೊಟ್ಟಿದ್ದರು. ಯಾಕೆ ಒಳಗೆ ಕರೆಯಲಿಲ್ಲ? ಅದನ್ನೂ ಈಗ ಲೆಕ್ಕಕ್ಕೆ ಸೇರಿಸಿಕೊಂಡಳು.

ಮುಂಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಗಂಡಸರ ಸವೆದ ಚಪ್ಪಲಿಗಳ ನಡುವೆ ಒಂದು ಜೊತೆ ಹೆಂಗಸರ ಸ್ಯಾಂಡಲ್, ಮೇಲೆ ಹೊಳೆಯುವ ಹೂವು. ಒಳಗಿನಿಂದ ದನಿ ಬರುತ್ತಿತ್ತು. ಆ ಕಿರುಚಾಟವನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ಗಂಟೆ ಹುಡುಗ ಹಿಂದಿಯಲ್ಲಿ ಸಾಯುತ್ತಿದ್ದ.

ಬಾಗಿಲು ತೆರೆದವರು ಕ್ಲಾರೆನ್ಸ್, ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿರುವ ಕಾರ್ಕಳ ಕಡೆಯವರು. ಶವಪೆಟ್ಟಿಗೆ ಕಳಿಸುವಾಗ ಓಡಾಡಿದವರು ಅವರೇ. ಜಾನಿಸಳನ್ನು ಕಂಡು ಅವರ ಬಣ್ಣವೇ ಹಾರಿತು. ಅವರ ಹಿಂದೆ, ವಿಲ್ಲಾದ ಹಜಾರವನ್ನು ಪರದೆಯಿಂದ ಮರೆಮಾಡಿ ಮಾಡಿಕೊಂಡ ಜಾಗದಲ್ಲಿ, ದೊಡ್ಡ ಟೀವಿಯ ಎದುರು ಐವತ್ತರ ಹತ್ತಿರದ ಹೆಂಗಸೊಬ್ಬಳು ಕಾಲು ಮಡಚಿ ಕುಳಿತಿದ್ದಳು. ಅವಳು ಅವಸರದಲ್ಲಿ ರಿಮೋಟು ಒತ್ತಿದಳು. ಹುಡುಗ ಬಾಯಿ ತೆರೆದುಕೊಂಡೇ ನಿಂತುಬಿಟ್ಟ.

"ನನಗೆ ಎಲ್ಲ ಗೊತ್ತುಂಟು ಅಂಕಲ್," ಎಂದಳು ಜಾನಿಸ್. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೆ ಹೀಗೆ ಹೇಳಿ ಸುಮ್ಮನಿದ್ದರೆ ಎದುರಿನವರು ತಾವಾಗಿಯೇ ಬಾಯಿ ಬಿಡುತ್ತಾರೆಂದು ಅವಳ ಕೆಲಸ ಕಲಿಸಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕ್ಲಾರೆನ್ಸ್ ಎರಡು ಹೆಜ್ಜೆ ಹಿಂದೆ ಸರಿದರು. "ತಪ್ಪಾಯ್ತು ಬಾಯೆ. ಜುವಾಕಿಂ ಬಾಬ್ ಹೋದ್ಮೇಲೆ ನಾವು ನಿಲ್ಲಿಸ್ಬೇಕಿತ್ತು. ಮನಸ್ಸು ಕೇಳ್ಲಿಲ್ಲ."

ಜಾನಿಸ್ ನೇರ ಆ ಹೆಂಗಸಿನ ಕಡೆಗೆ ತಿರುಗಿದಳು. "ಎಷ್ಟು ಕಾಲದಿಂದ?"

"ಮೂರು ವರ್ಷ ಆಗ್ತಾ ಬಂತು," ಎಂದಳು ಅವಳು ತಲೆ ತಗ್ಗಿಸಿ.

"ಪ್ರತಿ ಶನಿವಾರ?"

"ಶನಿವಾರ ಮಾತ್ರ. ಬೇರೆ ದಿನ ನನಗೆ ಆಸ್ಪತ್ರೆ ಡ್ಯೂಟಿ."

ಜಾನಿಸಳ ಕಿವಿ ಕಾವೇರಿತು. "ನಿಮ್ಮ ಗಂಡನಿಗೆ ಗೊತ್ತುಂಟಾ?"

"ಗೊತ್ತಿಲ್ದೆ ಎಂಥ? ಹಚ್ಚಿ ಕೊಡ್ತಿದ್ದದ್ದೇ ಇವರಲ್ವಾ?" ಎಂದು ಹೆಂಗಸು ಕ್ಲಾರೆನ್ಸರನ್ನು ತೋರಿಸಿದಳು. "ನಾನು ಇವರ ಹೆಂಡತಿ, ಮಗ್ದಲೀನ್. ನಿನ್ನ ಪಪ್ಪ ಹೇಳ್ಲಿಲ್ವಾ?"

ಪಪ್ಪ ಏನನ್ನೂ ಹೇಳಿರಲಿಲ್ಲ. ಹೆಂಡತಿ ಬಂದು ಸೇರಿಕೊಂಡ ಮೇಲೆ ಕ್ಲಾರೆನ್ಸ್ ಹಜಾರದ ಈ ಮೂಲೆಯನ್ನು ಬಾಡಿಗೆಗೆ ಹಿಡಿದಿದ್ದರು. ಹೆಂಗಸರು ಇರುವುದು ವಿಲ್ಲಾದ ಮಾಲೀಕನಿಗೆ ಗೊತ್ತಾಗಬಾರದೆಂದು ಹೊರಗಿನವರನ್ನು ಒಳಗೆ ಕರೆಯುತ್ತಿರಲಿಲ್ಲ. ಹಳೆಯ ಟೀವಿಯನ್ನು ಯಾರಿಂದಲೋ ಕೊಂಡಾಗ ಅದರಲ್ಲಿದ್ದ ಹೆಸರೇ ಉಳಿದುಕೊಂಡಿತ್ತು, ಲಿವಿಂಗ್ ರೂಮ್. ಇದೆಲ್ಲ ಒಂದೊಂದಾಗಿ ಹೊರಬರುತ್ತಿದ್ದಂತೆ ಜಾನಿಸಳ ಕೈಯಲ್ಲಿದ್ದ ಸಾಕ್ಷಿಗಳು ಬಿದ್ದುಹೋಗುತ್ತಿದ್ದವು. ಆದರೂ ಅವಳು ಬಿಡಲಿಲ್ಲ. ಬಿಡುವವಳಾಗಿದ್ದರೆ ಆ ಕೆಲಸ ಸಿಗುತ್ತಿರಲಿಲ್ಲ.

"ಮತ್ತೆ ಪಪ್ಪ ಒಂದು ದಿನ ಮೊದಲೇ ಯಾಕೆ ನೋಡ್ತಿದ್ರು? ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರು?"

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಹೇಳಿದವಳು ಮಗ್ದಲೀನ್. "ಇಂಗ್ಲಿಷ್ ಓದಿ ಮುಗಿಸುವಷ್ಟರಲ್ಲಿ ಅಕ್ಷರ ಹೋಗ್ತಿತ್ತಂತೆ. ಶಾಲೆಗೆ ಹೋದದ್ದು ಅಷ್ಟೇ ಅಲ್ವಾ ಅವರು. ಹಿಂದಿ ಆದ್ರೆ ಗ್ಯಾರೇಜಲ್ಲಿ ಮಾತಾಡಿ ಬರ್ತದೆ. ಅದಕ್ಕೆ ಶನಿವಾರ ಇಲ್ಲಿ ಹಿಂದಿಯಲ್ಲಿ ನೋಡ್ಕೊಂಡು, ಮರುದಿನ ನಿನ್ನ ಹತ್ರ ಬರ್ತಿದ್ದದ್ದು. ನೋಡ್ಕೊಂಡು ಅಂದ್ರೆ ಎಂಥ, ಹತ್ತು ನಿಮಿಷಕ್ಕೆ ನಿದ್ದೆ. ಎದ್ದ ಮೇಲೆ ನನ್ನ ಹತ್ರ ಕೇಳ್ತಿದ್ರು, ಎಂಥ ಆಯ್ತು ಹೇಳು ಮಗ್ದಲೀನ್, ನಾಳೆ ಮಗಳು ಕೇಳಿದ್ರೆ ಎಂಥ ಹೇಳ್ಲಿ ಅಂತ. ನಾನು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡ್ತಿದ್ರು, ಇಗರ್ಜಿಯ ಧರ್ಮಪಾಠದ ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ."

"ಇಷ್ಟ ಇದ್ದವರಿಗೆ ನಿದ್ದೆ ಬರ್ತದಾ?" ಜಾನಿಸ್ ಪಟ್ಟು ಹಿಡಿದಳು.

"ಇಷ್ಟ?" ಕ್ಲಾರೆನ್ಸ್ ಮೊದಲ ಸಲ ನಕ್ಕರು. "ಬಾಬ್‌ಗೆ ಅದು ಕಂಡ್ರೆ ಆಗ್ತಿರ್ಲಿಲ್ಲ ಬಾಯೆ. ಈ ಹುಡುಗ ಎಷ್ಟು ಸಲ ಸಾಯ್ತಾನೆ, ಒಮ್ಮೆ ಸರಿಯಾಗಿ ಸಾಯ್ಬಾರ್ದಾ ಅಂತ ಬೈತಿದ್ರು. ನಾನೇ ಹೇಳಿದೆ, ಮಗಳಿಗೆ ಬೇಡ ಅಂತ ಹೇಳಿಬಿಡಿ, ಬೇರೆ ಎಂಥದ್ದಾದ್ರೂ ನೋಡಿ ಅಂತ. ಅವರು ಕೇಳ್ಲಿಲ್ಲ. ಅವಳಿಗೆ ಅದಂದ್ರೆ ಪ್ರಾಣ, ಚಿಕ್ಕಂದಿನಿಂದ. ನಾನು ಬೇಡ ಅಂದ್ರೆ, ಮತ್ತೆ ಪಪ್ಪ ಅಷ್ಟು ದೂರದಿಂದ ಯಾಕೆ ಬರೋದು ಅಂತ ಕೇಳಿಯಾಳು, ಆಗ ಎಂಥ ಹೇಳ್ಲಿ ಅಂದ್ರು."

ಜಾನಿಸ್ ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಳು. ನಗು ಬಂತು. ನಗುತ್ತಿದ್ದೇನೆ ಎಂದುಕೊಂಡಿದ್ದವಳಿಗೆ ಕೆನ್ನೆ ಒದ್ದೆಯಾದದ್ದು ಆಮೇಲೆ ತಿಳಿಯಿತು. ಅವಳಿಗೆ ಭಯಂಕರ ಸಿಟ್ಟು ಬಂದಿತ್ತು, ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ. ಇಬ್ಬರು ಬುದ್ಧಿ ಇದ್ದ ಮನುಷ್ಯರು ಇಬ್ಬರಿಗೂ ಬೇಡವಾದ ಒಂದು ಗಂಟೆಯನ್ನು ಏಳು ವರ್ಷ ಹುಡುಕಿದರಲ್ಲ!

"ನನಗೂ ಬೇಡವಾಗಿತ್ತು ಅಂಕಲ್," ಎಂದಳು. "ಪಪ್ಪನಿಗೆ ಇಷ್ಟ ಅಂತ ಕೂರ್ತಿದ್ದೆ."

ಮಗ್ದಲೀನ್ ಒಳಗೆ ಹೋಗಿ ಚಹಾ ಮಾಡಿ ತಂದಳು. ಅದರಲ್ಲಿ ಸಕ್ಕರೆ ಜಾಸ್ತಿಯಿತ್ತು, ಜಾನಿಸ್ ಕುಡಿದಳು. ಸ್ವಲ್ಪ ಹೊತ್ತಾದ ಮೇಲೆ ಮಗ್ದಲೀನ್ ಸೆರಗಿಲ್ಲದ ನೈಟಿಯ ಅಂಚನ್ನು ತಿರುವುತ್ತ ಕೇಳಿದಳು: "ಇನ್ನು ಪಾಸ್‌ವರ್ಡ್ ಚೇಂಜ್ ಮಾಡ್ತಿಯಾ ಬಾಯೆ?"

"ಯಾಕೆ?"

"ಅಲ್ಲ, ಗಂಟೆ ಸಿಗ್ತದಾ ಇಲ್ವಾ ಅಂತ..."

ಆ ಕತೆ ನಿಜವಾಗಿ ಹಿಡಿಸಿದ್ದು ಈ ಲೋಕದಲ್ಲಿ ಇವಳೊಬ್ಬಳಿಗೆ. ಅಪ್ಪ ಮಗಳ ನಡುವೆ ಸಿಕ್ಕಿಬಿದ್ದು, ಪಾಠ ಹೇಳಿಕೊಡಲು ಹೋಗಿ ತಾನೇ ಮರುಳಾಗಿದ್ದಳು. "ಮಾಡೋದಿಲ್ಲ, ನೋಡಿ," ಎಂದಳು ಜಾನಿಸ್. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಹುಡುಗ ಮತ್ತೆ ಕಿರುಚತೊಡಗಿದ್ದ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳು ಹಳೆಯ ಚಾಳಿಯಂತೆ ಎಲ್ಲವನ್ನೂ ಮತ್ತೊಮ್ಮೆ ತಿರುವಿಹಾಕಿದಳು. ಗಂಡಹೆಂಡತಿ ಸೇರಿ ಕಟ್ಟಿದ ಕತೆ ಇರಬಹುದೇ? ಇರಲಾರದು. ಸಾಯ್ಬಾರ್ದಾ ಎಂದು ಬೈದದ್ದು ಪಪ್ಪನದೇ ನಾಲಿಗೆ, ಅದನ್ನು ಬೇರೆಯವರು ಹುಟ್ಟಿಸಲಾರರು. ನಿಲ್ದಾಣದ ಬೆಂಚಿನಲ್ಲಿ ಕೂರುತ್ತಲೇ ಫೋನು ಬಂತು. ತಾಯಿ.

"ಹೋಗಿದ್ದಿಯಾ? ಹೆಂಗಸು ಇದ್ದಾಳಾ?"

"ಇದ್ದಾರೆ ಮಮ್ಮಿ. ಕ್ಲಾರೆನ್ಸ್ ಅಂಕಲ್‌ನ ಹೆಂಡತಿ. ನೀವು ಗ್ರಹಿಸಿದ ಹಾಗೆ ಎಂಥದ್ದೂ ಇಲ್ಲ."

"ಖಂಡಿತಾ?"

"ಖಂಡಿತ."

ಡೆಲ್ಫಿನ್ ಬಾಯಿಗೆ ಅಷ್ಟು ಸುಲಭಕ್ಕೆ ಸಮಾಧಾನವಾಗುವುದುಂಟೇ? "ಹಾಗಾದ್ರೆ ನಾನು ಕೇಳಿದ್ದಕ್ಕೆ ಉತ್ತರ ಕೊಡು. ವಾರಕ್ಕೊಂದು ರಜೆ. ಅದನ್ನೂ ಬಿಟ್ಟು, ಆ ಬಿಸಿಲಲ್ಲಿ ಬಸ್ಸು ಹಿಡಿದು ಅಬುಧಾಬಿಗೆ ಬರ್ತಿದ್ದದ್ದು ಕಾರ್ಟೂನ್ ನೋಡ್ಲಿಕ್ಕೇಯಾ?"

"ಅಲ್ಲ ಮಮ್ಮಿ. ಕಾರ್ಟೂನ್ ಅವರಿಗೆ ಕಂಡ್ರೆ ಆಗ್ತಿರ್ಲಿಲ್ಲವಂತೆ."

"ನಾನು ಹೇಳ್ಲಿಲ್ವಾ!" ಮೂವತ್ತು ವರ್ಷ ಕಾದು ಗೆದ್ದವರ ದನಿ ಅದು. ಮರುಕ್ಷಣವೇ ಆ ದನಿ ಕುಗ್ಗಿತು. "ಮತ್ತೆ ಯಾರನ್ನು ನೋಡ್ಲಿಕ್ಕೆ ಬರ್ತಿದ್ರು? ಹೇಳು ಬಾಯೆ. ನಾನು ಅಳುವುದಿಲ್ಲ."

"ನನ್ನನ್ನು," ಎಂದಳು ಜಾನಿಸ್.

ಅತ್ತ ಶಿರ್ವದಲ್ಲಿ, ಅಳುವುದಿಲ್ಲ ಎಂದಿದ್ದ ಡೆಲ್ಫಿನ್ ಬಾಯಿ ಅಳುತ್ತಿದ್ದರು.